ಬಯಲಿನ ಊರಿನಲ್ಲಿ ಹನ್ನೆರಡು ದಿನ

ದೀಪಾವಳಿಯ ರಜೆ ಹತ್ತಿರ ಬಂದಂತೆ ಮಾಧವನಗರ, ಸಾಂಗಲಿ, ಮೀರಜಗಳ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಮಹಾಬಳೇಶ್ವರ, ಗೋವೆ, ಗಣಪತಿಪುಳೆ ಎಂಬ ಹೆಸರುಗಳೇ ವರ್ಷ ವರ್ಷವೂ ಕೇಳಿಬರುತ್ತವೆ. ಪೂರ್ವಕ್ಕೆ ಮುಖ ಮಾಡುವವರು ವಿರಳ. ಆ ಕಡೆ ಏನಿದೆ, ಬರೀ ಮರಳುಗಾಡು ಎಂಬ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ಆ ‘ಮರಳುಗಾಡಿ’ನ ಪೇಟೆಯಾದ ಜತ್ತದಲ್ಲಿ ಕಳೆದ ವರ್ಷ, ನ್ಯಾಯಾಲಯಗಳಿಗೂ ರಜೆ ಇದ್ದಾಗ, ಮನೆಮಂದಿಯೊಡನೆ ಹನ್ನೆರಡು ದಿನ ವಾಸವಾಗಿದ್ದೆ. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಓದುಗರು ಒಮ್ಮೆಯಾದರೂ ಇಂತಹ ವಾಸವನ್ನು ಮಾಡಬೇಕೆಂದು ನನಗೆ ತೋರಿದೆ. ಅದರ ಕಾರಣಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಜಿಲ್ಲೆಯ ರಚನೆಯನ್ನು ನೋಡೋಣ. ಪಶ್ಚಿಮದ ತುದಿಯಲ್ಲಿ, ಶಿರಾಳಾ ತಾಲೂಕಿನ ಆಚೆಗೆ, ಸಹ್ಯಾದ್ರಿಯ ಚಾಂದೋಲಿ ಅರಣ್ಯವಿದೆ. ವಾರಣಾ ನದಿಯ ವಸಂತಸಾಗರ ಜಲಾಶಯವನ್ನು ಸುತ್ತುವರಿದ ಈ ಕಾಡು 2004ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು; 2010ರಲ್ಲಿ ಕೊಯ್ನಾ ಅಭಯಾರಣ್ಯದೊಡನೆ ಸೇರಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ಅಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರನ್ನೂ ಮೀರಿ ಮಳೆ ಸುರಿಯುತ್ತದೆ. ಜಿಲ್ಲೆಯ ನಡುವೆ ಸಾಗರೇಶ್ವರ ಅಭಯಾರಣ್ಯವಿದೆ. ಹನ್ನೊಂದು ಚದರ ಕಿಲೋಮೀಟರಿಗೂ ಕಡಿಮೆ ವಿಸ್ತಾರದ ಈ ಕಾಡು ಬೋಳು ಗುಡ್ಡಗಳ ಮೇಲೆ ಮನುಷ್ಯರೇ ಬೆಳೆಸಿದ್ದು, ವೃಕ್ಷಮಿತ್ರ ಧೋ. ಮ. ಮೋಹಿತೆಯವರ ಹೆಸರು ಅದರೊಡನೆ ಬೆಸೆದುಕೊಂಡಿದೆ. ಪೂರ್ವದ ತುದಿಯಲ್ಲಿ ಜತ್ತವಿದೆ. ಅರಬ್ಬೀ ಸಮುದ್ರದಿಂದ ಬಂದ ಮೋಡಗಳು ಸಹ್ಯಾದ್ರಿಯನ್ನು ಏರುವಾಗಲೇ ಬಹುಪಾಲು ಬರಿದಾಗಿ, ಇಲ್ಲಿಗೆ ತಲಪುವಷ್ಟರಲ್ಲಿ ಐನೂರು ಮಿಲಿಮೀಟರಿನ ಆಸುಪಾಸಿನ ಮಳೆಯನ್ನು ಮಾತ್ರ ಉಳಿಸಿಕೊಂಡಿರುತ್ತವೆ. ಒಂದೇ ಜಿಲ್ಲಾಧಿಕಾರಿಯ ಆಡಳಿತದೊಳಗೆ ಹಸಿರು ಮಲೆಯೂ ಒಣ ಬಯಲೂ ಇವೆ. ಹೀಗಾಗಿ ಜತ್ತವು ಮಳೆಯ ನೆರಳಿನ ನಾಡೇ ಹೊರತು ಮರಳುಗಾಡಲ್ಲ. ಈ ವ್ಯತ್ಯಾಸವನ್ನು ಮಗುವಿಗೆ ತಿಳಿಸಲು ಪಾಠಪುಸ್ತಕದ ನಕಾಶೆ ಸಾಲದು. ಮೀರಜದಿಂದ ಕವಠೇಮಹಾಂಕಾಳದ ಮಾರ್ಗವಾಗಿ ಬಸ್ಸಿನಲ್ಲಿ ಹೋಗುತ್ತ, ಕಬ್ಬು ಎಲ್ಲಿ ಮುಗಿದು ಜೋಳ ಎಲ್ಲಿ ಮೊದಲಾಯಿತು ಎಂಬುದನ್ನು ಕಿಟಕಿಯಿಂದ ಕಾಣುವುದೇ ಸಾಕು.

ಜತ್ತವು ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ತಲೆಯೆತ್ತಿದ ಡಫಳೆ ಮನೆತನದ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ತಾಲೂಕಿನ ಪೂರ್ವ ಭಾಗದ ಉಮದಿ, ಸಂಖ, ಬಾಲಗಾಂವ, ತಿಕೋಂಡಿಗಳಲ್ಲಿ ಮನೆಯ ಮಾತು ಕನ್ನಡ. ಉಮರಾಣಿಯು ಹನ್ನೆರಡನೆಯ ಶತಮಾನದ ಶರಣೆ ದಾನಮ್ಮನವರ ಹುಟ್ಟೂರು. ಗುಡ್ಡಾಪುರ ಅವರ ಕ್ಷೇತ್ರ. ಛಟ್ಟಿ ಅಮಾವಾಸ್ಯೆಗೆ ಎರಡೂ ರಾಜ್ಯಗಳಿಂದ ಜನ ಕಾಲ್ನಡಿಗೆಯಲ್ಲಿ ಗುಡ್ಡಾಪುರಕ್ಕೆ ಬರುತ್ತಾರೆ. ಗಡಿ ಎಲ್ಲಿ ದಾಟಿತು ಎಂದು ಅವರಲ್ಲಿ ಯಾರೂ ಕೇಳುವುದಿಲ್ಲ.

ಒಂದು ದಿನದ ಪ್ರವಾಸಿಗೆ ಈ ಬಯಲು ಏನನ್ನೂ ತೋರಿಸದು. ನಾಲ್ಕನೆಯ ದಿನದ ನಂತರ ಅದು ತೆರೆದುಕೊಳ್ಳುತ್ತದೆ. ಮುಂಜಾವಿನಲ್ಲಿ ಎದ್ದು ಊರ ಹೊರಗೆ ಒಂದು ಮೈಲಿ ನಡೆಯಬೇಕು. ಮಳೆಗಾಲ ಮುಗಿದ ಮೇಲೆ ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ. ನೆಲಗುಬ್ಬಿಗಳು ಹೆಂಟೆಯ ಮೇಲೆ ಕುಳಿತಿದ್ದರೂ ಹಾರುವವರೆಗೆ ಕಾಣವು. ಮಧ್ಯ ಏಷ್ಯೆಯಿಂದ ಚಳಿಗಾಲ ಕಳೆಯಲು ಬರುವ ಸೆಳೆವಗಳು ಮಿಡತೆಗಳನ್ನು ಅರಸುತ್ತ ಹುಲ್ಲಿಗೆ ಎದೆ ತಾಕುವಷ್ಟು ಕೆಳಗೆ ತೇಲುತ್ತವೆ. ದಕ್ಷಿಣದ ಇಂತಹ ಬಯಲುಗಳೇ ಚಿಗರಿಯ ಮತ್ತು ತೋಳದ ನೆಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇವೆರಡಕ್ಕೂ ಹುಲಿಗೆ ಕೊಟ್ಟಿರುವ ಮೊದಲನೆಯ ಅನುಸೂಚಿಯ ರಕ್ಷಣೆಯನ್ನೇ ಕೊಟ್ಟಿದೆ. ಮಧ್ಯಾಹ್ನ ಊರು ಬಾಗಿಲು ಹಾಕಿಕೊಳ್ಳುತ್ತದೆ. ಆಗ ನಾವೂ ಮಲಗಬೇಕು. ಸಂಜೆ ಕುರಿಗಳು ದೂಳೆಬ್ಬಿಸುತ್ತ ಮರಳುತ್ತವೆ. ಅವುಗಳಲ್ಲಿ ಬಾಗಿದ ಮೂಗಿನ, ಬಿಳಿ ಮೈಯ ಮೇಲೆ ಕಂದು ಮಚ್ಚೆಯ ಎತ್ತರದ ಕುರಿಯನ್ನು ಕಂಡರೆ, ಅದು ಇದೇ ತಾಲೂಕಿನ ಮಾಡಗ್ಯಾಳದ ಹೆಸರು ಹೊತ್ತ ತಳಿಯೆಂದು ತಿಳಿಯಿರಿ.

ಅಲ್ಲಿ ಒಬ್ಬ ಹಿರಿಯ ಕುರಿಗಾಹಿ ನನ್ನ ಮಗಳಿಗೆ ನೆಲದ ಹೆಸರುಗಳನ್ನು ಹೇಳಿಕೊಟ್ಟರು. ಎರೆ ಎಂದರೆ ಕಪ್ಪು, ನೀರು ಹಿಡಿಯುವ ನೆಲ. ಮಸಾರಿ ಎಂದರೆ ಕೆಂಪು ಮಿಶ್ರಿತ ನೆಲ. ಮಡ್ಡಿ ಎಂದರೆ ಕಲ್ಲು ಮೇಲೆದ್ದ ದಿನ್ನೆ. ಬೇಸಾಯಕ್ಕೆ ಬಾರದು, ಹುಲ್ಲಿಗೆ ಬಂಗಾರ. ಬೀಳು ಎಂದರೆ ಉಳದೆ ಬಿಟ್ಟದ್ದು. ಈ ನಾಲ್ಕು ಮಾತುಗಳಲ್ಲಿ ಒಂದು ಊರಿನ ಜೀವನಕ್ರಮವೇ ಇದೆ. ವಕೀಲನಾಗಿ ನಾನು ದಿನವೂ ತಿರುವಿಹಾಕುವ ಸಾತ್‌ಬಾರಾ ಉತಾರದಲ್ಲಿ ಅದೇ ಮಡ್ಡಿಯು ‘ಪೋಟಖರಾಬ’ ಎಂದು ದಾಖಲಾಗಿರುತ್ತದೆ. ಕಂದಾಯ ಹುಟ್ಟದ ನೆಲ ಎಂಬುದು ಅದರ ಮೂಲಾರ್ಥ. ಕಾಲಾಂತರದಲ್ಲಿ ಕೆಲಸಕ್ಕೆ ಬಾರದ ನೆಲ ಎಂಬ ಅರ್ಥವೇ ಜನರ ಮನಸ್ಸಿನಲ್ಲಿ ನಿಂತಿದೆ. ಕೆಲಸಕ್ಕೆ ಬಾರದೆಂದ ಮೇಲೆ ಅದನ್ನು ಯಾರು ಅಗೆದರೂ, ಒತ್ತಿದರೂ ಕೇಳುವವರಿಲ್ಲ. ಸದುದ್ದೇಶದವರೂ ಗುಂಡಿ ತೋಡಿ ಗಿಡ ನೆಟ್ಟು ಹುಲ್ಲನ್ನು ಕೆಡಿಸುತ್ತಾರೆ. ಸಾಗರೇಶ್ವರಕ್ಕೆ ಒಪ್ಪಿದ್ದು ಎಲ್ಲ ಬಯಲಿಗೂ ಒಪ್ಪಬೇಕೆಂದಿಲ್ಲ.

ಹೆಸರು ಕೆಟ್ಟರೆ ಏನಾಗುತ್ತದೆಂಬುದಕ್ಕೆ ಒಂದು ಹಕ್ಕಿಯ ಕಥೆ ಸಾಕು. ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರೆಭೂತ. ಎರೆಯ ನೆಲದಲ್ಲಿ ಮನುಷ್ಯನಂತೆ ನೆಟ್ಟಗೆ ನಡೆಯುವ ಈ ದೊಡ್ಡ ಹಕ್ಕಿಗೆ ನಮ್ಮ ಹಿರಿಯರು ಆ ಹೆಸರಿಟ್ಟರು. ಜತ್ತದ ನೆರೆಯ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ ಇದಕ್ಕಾಗಿಯೇ 1979ರಲ್ಲಿ ಅಭಯಾರಣ್ಯವನ್ನು ಘೋಷಿಸಲಾಯಿತು. ಮೊದಲು ಎಂಟು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿದ್ದ ಅದರ ವಿಸ್ತಾರವನ್ನು ಬಳಿಕ ಬಹಳಷ್ಟು ಕಡಿತಗೊಳಿಸಲಾಯಿತು. ಇಂದು ಉಳಿದಿರುವ ಎರೆಭೂತಗಳಲ್ಲಿ ಹೆಚ್ಚಿನವು ದೂರದ ಜೈಸಲ್ಮೇರಿನ ನಿಜವಾದ ಮರುಭೂಮಿಯಲ್ಲಿವೆ. ಅಲ್ಲಿಯೂ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತಿದ್ದುದರಿಂದ ಪ್ರಕರಣ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 2021ರ ಏಪ್ರಿಲ್‌ನಲ್ಲಿ ತಂತಿಗಳನ್ನು ನೆಲದಡಿ ಹೂಳಬೇಕೆಂದು ಆದೇಶವಾಯಿತು. 2024ರ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಲಾಯಿತು. ಗಾಳಿಯಂತ್ರಗಳು ತಿರುಗುವ ಜತ್ತದ ದಿನ್ನೆಗಳಲ್ಲಿ ನಿಂತು ಈ ತೀರ್ಪುಗಳನ್ನು ನೆನೆದರೆ, ವಿದ್ಯುತ್ತೂ ಬೇಕು, ಬಯಲೂ ಬೇಕು ಎಂಬ ಪ್ರಶ್ನೆ ಎಷ್ಟು ಬಿಗಿಯಾದದ್ದೆಂದು ಅರಿವಾಗುತ್ತದೆ.

ಇದು ಹಕ್ಕಿಗಳ ಪ್ರಶ್ನೆಯಷ್ಟೇ ಆಗಿದ್ದರೆ ಈ ಅಂಕಣದಲ್ಲಿ ಇಷ್ಟು ಜಾಗ ಬೇಡುತ್ತಿರಲಿಲ್ಲ. ಇದು ನಮ್ಮ ಶಾಲೆಗಳ ಪ್ರಶ್ನೆಯೂ ಹೌದು. ಗಾಯರಾಣ ಕುಗ್ಗಿದರೆ ಕುರಿ ಕುಗ್ಗುತ್ತದೆ. ಕುರಿ ಕುಗ್ಗಿದ ಮನೆಗೆ ಒಣ ಹೊಲವೊಂದೇ ಆಧಾರ. ಅದೂ ಕೈಕೊಟ್ಟರೆ ದೀಪಾವಳಿಯ ಆಸುಪಾಸಿನಲ್ಲಿ ಗಂಡಹೆಂಡಿರು ಕೊಯ್ತ ಹಿಡಿದು ಕಬ್ಬಿನ ಸೀಮೆಗೆ ಹೊರಡುತ್ತಾರೆ. ಮಕ್ಕಳು ಜೊತೆಗೆ ಹೋಗುತ್ತಾರೆ. ಕಾರ್ಖಾನೆಯ ಹಂಗಾಮು ಮುಗಿದು ಹಿಂದಿರುಗುವ ಹೊತ್ತಿಗೆ ವರ್ಷದ ಪಾಠವೇ ಮುಗಿದಿರುತ್ತದೆ. ಕಬ್ಬಿನ ಊರಿನಲ್ಲಿ ಕನ್ನಡ ಶಾಲೆ ಇರಲಾರದು; ಇತ್ತ ಊರಿನ ಶಾಲೆಯ ಹಾಜರಿಪಟ್ಟಿ ತೆಳುವಾಗುತ್ತದೆ. ಪಟ್ಟಿ ತೆಳುವಾದ ಶಾಲೆಯ ಗತಿಯೇನೆಂದು ಓದುಗರಿಗೆ ಹೇಳಬೇಕಿಲ್ಲ. ಮ್ಹೈಸಾಳದಲ್ಲಿ ಕೃಷ್ಣೆಯನ್ನು ಎತ್ತಿ ಹರಿಸುವ ಯೋಜನೆ ತಾಲೂಕಿನ ಕೆಲ ಭಾಗಕ್ಕೆ ನೀರು ತಂದಿದೆ. ನೀರು ಬಂದಲ್ಲಿ ದಾಳಿಂಬೆ, ದ್ರಾಕ್ಷಿ ಬಂದಿವೆ. ಆದರೆ ಮಡ್ಡಿಗೆ ಕಾಲುವೆ ಏರದು. ಅಲ್ಲಿ ಹುಲ್ಲೇ ಬೆಳೆ.

ಕಾಯಿದೆಯಲ್ಲಿ ದಾರಿಗಳಿವೆ. 2011ರ ಜನವರಿ 28ರಂದು ಜಗಪಾಲ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಊರ ಸಾಮಾನ್ಯ ಜಮೀನಿನ ಅತಿಕ್ರಮಣಗಳನ್ನು ತೆರವುಗೊಳಿಸುವ ಯೋಜನೆ ಸಿದ್ಧಪಡಿಸಲು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿದೆ. ಗ್ರಾಮಸಭೆಯಲ್ಲಿ ತಮ್ಮ ಊರಿನ ಗಾಯರಾಣದ ಗಟ್ ಸಂಖ್ಯೆ, ಕ್ಷೇತ್ರಗಳನ್ನು ಓದಿ ಹೇಳಿರೆಂದು ಕೇಳುವುದೇ ಮೊದಲ ಹೆಜ್ಜೆ. ವಲಸೆ ಹೋಗುವ ಮಕ್ಕಳ ಮಟ್ಟಿಗೆ, 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣದಿಂದ ಬೇರೊಂದು ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಮಕ್ಕಳು ಊರಲ್ಲೇ ಅಜ್ಜ ಅಜ್ಜಿಯರ ಬಳಿ ಉಳಿದು ಕಲಿಯಲು ಹಂಗಾಮಿ ವಸತಿಯ ವ್ಯವಸ್ಥೆಯನ್ನೂ ಪಾಲಕರು ಶಾಲೆಯ ಮೂಲಕ ಕೇಳಬಹುದು.

ಆದ್ದರಿಂದ ಈ ರಜೆಯಲ್ಲಿ ಒಂದು ವಾರವಾದರೂ ಜತ್ತದಲ್ಲೋ ಗುಡ್ಡಾಪುರದಲ್ಲೋ ತಂಗಿರಿ. ನೆಂಟರಿದ್ದರೆ ಅವರ ಮನೆಯಲ್ಲಿ ಉಳಿಯಿರಿ. ಮಳೆಗಾಲದಲ್ಲಿ ಮುಚ್ಚಿರುವ ಚಾಂದೋಲಿಯೂ ಅಷ್ಟರಲ್ಲಿ ತೆರೆದಿರುತ್ತದೆ. ಮರಳುವಾಗ ಅದನ್ನೂ ನೋಡಿದರೆ ಜಿಲ್ಲೆಯ ಎರಡೂ ಮುಖಗಳನ್ನು ಕಂಡಂತಾಯಿತು. ನೀರಿನ ಬಾಟಲಿ, ತಲೆಗೆ ರುಮಾಲು ಮರೆಯದಿರಿ. ಮಗುವಿನ ಕೈಗೆ ನೂರು ಪುಟದ ವಹಿ ಕೊಟ್ಟು, ಅಲ್ಲಿಯ ಹಿರಿಯರಿಂದ ನೆಲದ, ಹುಲ್ಲಿನ, ಹಕ್ಕಿಯ ಹೆಸರುಗಳನ್ನು ಕೇಳಿ ಕನ್ನಡದಲ್ಲಿ ಬರೆಸಿರಿ. ರಜೆ ಮುಗಿದ ಮೇಲೆ ಆ ವಹಿಯನ್ನು ಶಾಲೆಯ ಗುರುಗಳಿಗೆ ತೋರಿಸಲಿ. ಉತಾರದಲ್ಲಿ ಖರಾಬ ಎಂದು ಬರೆದಿರುವುದರ ಪಕ್ಕದಲ್ಲಿ ಅದರ ನಿಜವಾದ ಹೆಸರನ್ನು ಬಲ್ಲ ಮಕ್ಕಳು ನಮ್ಮಲ್ಲಿ ಕೆಲವರಾದರೂ ಇರಲಿ. ನಾಳೆ ಗ್ರಾಮಸಭೆಯಲ್ಲಿ ಎದ್ದು ನಿಲ್ಲಬೇಕಾದವರು ಅವರೇ.