ನಿವೃತ್ತರ ಆರೋಗ್ಯ ವಿಮೆ: ದುಡಿದವರಿಗೆ ಕೊಟ್ಟ ಮಾತು

ಕರಾವಳಿಯಿಂದಲೂ ಬೆಂಗಳೂರಿನಿಂದಲೂ ದಾದಿಯರಾಗಿ, ಲೆಕ್ಕಿಗರಾಗಿ, ಶಿಕ್ಷಕರಾಗಿ ಅಮೆರಿಕಕ್ಕೆ ತೆರಳಿದ ನಮ್ಮ ಸಮುದಾಯದವರಲ್ಲಿ ಹಲವರು ಈಗ ನಿವೃತ್ತಿಯ ವಯಸ್ಸನ್ನು ತಲುಪಿದ್ದಾರೆ. ಅವರಲ್ಲಿ ಕೆಲವರು ಅಲ್ಲೇ ನೆಲೆಸಿದ್ದಾರೆ. ಕೆಲವರು ಹುಟ್ಟೂರಿಗೆ ಮರಳಿ ಉಳಿದ ದಿನಗಳನ್ನು ನೆಮ್ಮದಿಯಿಂದ ಕಳೆಯಬೇಕೆಂದು ಬಯಸುತ್ತಾರೆ. ಪಿಂಚಣಿ ಎಷ್ಟು ಬರುತ್ತದೆ ಎಂಬುದು ಅವರ ಮನೆಮಂದಿಗೆಲ್ಲ ತಿಳಿದಿರುತ್ತದೆ. ಕಾಯಿಲೆ ಬಂದರೆ ಹಣ ಕೊಡುವವರು ಯಾರು ಎಂಬುದು ಮಾತ್ರ ಬಹುಮಂದಿಗೆ ತಿಳಿದಿರುವುದಿಲ್ಲ. ಈ ದೃಷ್ಟಿಯಿಂದ ನ್ಯೂಯಾರ್ಕ್ ನಗರಾಡಳಿತದ ನಿವೃತ್ತ ನೌಕರರು 2021ರಿಂದ 2025ರವರೆಗೆ ತಮ್ಮ ಆರೋಗ್ಯ ವಿಮೆಗಾಗಿ ನಡೆಸಿದ ಹೋರಾಟವು ನಾವೆಲ್ಲರೂ ಅರಿಯಬೇಕಾದ ಸಂಗತಿಯೆಂದು ನಾವು ಭಾವಿಸುತ್ತೇವೆ.

ವಿಷಯವನ್ನು ಮೊದಲಿನಿಂದ ನೋಡುವುದು ಒಳಿತು. ಅಮೆರಿಕದಲ್ಲಿ 65 ವರ್ಷ ತುಂಬಿದವರಿಗಾಗಿ ಕೇಂದ್ರ ಸರ್ಕಾರವೇ ನಡೆಸುವ ಮೆಡಿಕೇರ್ ಎಂಬ ಆರೋಗ್ಯ ವಿಮೆಯುಂಟು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು 1965ರಲ್ಲಿ ಇದರ ಶಾಸನಕ್ಕೆ ಸಹಿ ಹಾಕಿದರು. ಇದರ ಎ ಭಾಗವು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಪಡೆಯುವ ಚಿಕಿತ್ಸೆಗೆ ಸಂಬಂಧಿಸಿದ್ದು. ಹತ್ತು ವರ್ಷ ದುಡಿದು ತೆರಿಗೆ ತೆತ್ತವರು ಇದಕ್ಕೆ ಕಂತು ಕಟ್ಟಬೇಕಾಗಿಲ್ಲ. ಬಿ ಭಾಗವು ವೈದ್ಯರ ಶುಲ್ಕ, ತಪಾಸಣೆ ಹಾಗೂ ಹೊರರೋಗಿ ಚಿಕಿತ್ಸೆಗೆ ಸಂಬಂಧಿಸಿದ್ದು. ಇದಕ್ಕೆ ತಿಂಗಳ ಕಂತು ಇದೆ. 2025ರಲ್ಲಿ ಆ ಕಂತು ಸಾಮಾನ್ಯವಾಗಿ 185 ಡಾಲರ್ ಆಗಿತ್ತು. ವರ್ಷಕ್ಕೊಮ್ಮೆ ನಿಗದಿತ ಮೊತ್ತವನ್ನು ರೋಗಿಯೇ ಭರಿಸಿದ ಮೇಲೆ ಬಿ ಭಾಗವು ಅಂಗೀಕೃತ ವೆಚ್ಚದ ಶೇಕಡಾ 80ರಷ್ಟನ್ನು ಕೊಡುತ್ತದೆ. ಉಳಿದ ಶೇಕಡಾ 20 ರೋಗಿಯ ಪಾಲು. ಈ ಪಾಲು ವರ್ಷಕ್ಕೆ ಇಂತಿಷ್ಟನ್ನು ಮೀರಬಾರದೆಂಬ ಮಿತಿ ಇಲ್ಲ. ಅರ್ಬುದರೋಗದಂಥ ದೀರ್ಘ ಚಿಕಿತ್ಸೆಯಲ್ಲಿ ಆ ಶೇಕಡಾ 20 ಒಂದು ಸಂಸಾರವನ್ನು ಸಾಲಕ್ಕೆ ತಳ್ಳಲು ಸಾಕು.

ಈ ಅಂತರವನ್ನು ತುಂಬುವುದು ಪೂರಕ ವಿಮೆ. ನ್ಯೂಯಾರ್ಕ್ ನಗರವು ತನ್ನ ನಿವೃತ್ತ ನೌಕರರಿಗೆ ದಶಕಗಳಿಂದ ಈ ಪೂರಕ ವಿಮೆಯನ್ನು ತನ್ನ ವೆಚ್ಚದಲ್ಲೇ ಒದಗಿಸುತ್ತ ಬಂದಿದೆ. ಬಿ ಭಾಗದ ಕಂತನ್ನೂ ಹಿಂದಿರುಗಿಸುತ್ತದೆ. ನೌಕರರು, ನಿವೃತ್ತರು ಹಾಗೂ ಅವರ ಅವಲಂಬಿತರ ಆರೋಗ್ಯ ವಿಮೆಯ ವೆಚ್ಚವನ್ನು ಗೊತ್ತಾದ ಒಂದು ಮಿತಿಯವರೆಗೆ ನಗರವೇ ಭರಿಸಬೇಕೆಂಬ ಕಾನೂನು 1967ರಲ್ಲೇ ಬಂದಿತು. ಕಸ ಗುಡಿಸಿದವರು, ಬೆಂಕಿ ಆರಿಸಿದವರು, ಶಾಲೆಗಳಲ್ಲಿ ಪಾಠ ಹೇಳಿದವರು, ನಗರದ ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮಾಡಿದವರು ಹೊರಗಿನ ಹೆಚ್ಚಿನ ಸಂಬಳದ ಆಸೆಯನ್ನು ಬಿಟ್ಟು ನಗರದ ಸೇವೆಯಲ್ಲೇ ಉಳಿಯಲು ಇದೂ ಒಂದು ಕಾರಣವಾಗಿತ್ತು.

ಹಾಗಾದರೆ ತಕರಾರು ಬಂದದ್ದೆಲ್ಲಿ? 2018ರಲ್ಲಿ ನಗರಾಡಳಿತವೂ ಕಾರ್ಮಿಕ ಸಂಘಗಳ ಒಕ್ಕೂಟವೂ ಆರೋಗ್ಯ ವೆಚ್ಚದಲ್ಲಿ ಭಾರಿ ಉಳಿತಾಯ ಮಾಡಬೇಕೆಂದು ಒಪ್ಪಂದ ಮಾಡಿಕೊಂಡವು. ಇದಕ್ಕೆ ಕಂಡುಕೊಂಡ ದಾರಿಯೆಂದರೆ ಸುಮಾರು ಎರಡೂವರೆ ಲಕ್ಷ ನಿವೃತ್ತರು ಮತ್ತು ಅವಲಂಬಿತರನ್ನು ಮೆಡಿಕೇರ್ ಅಡ್ವಾಂಟೇಜ್ ಎಂಬ ಬೇರೊಂದು ವ್ಯವಸ್ಥೆಗೆ ವರ್ಗಾಯಿಸುವುದು. ಇದರಿಂದ ವರ್ಷಕ್ಕೆ ಸುಮಾರು 60 ಕೋಟಿ ಡಾಲರ್ ಉಳಿಯುವುದೆಂದು ಅಂದಾಜು ಮಾಡಲಾಯಿತು. ಈ ವ್ಯವಸ್ಥೆಯಲ್ಲಿ ಖಾಸಗಿ ವಿಮಾ ಸಂಸ್ಥೆಗೆ ಕೇಂದ್ರ ಸರ್ಕಾರವೇ ತಲಾ ಇಷ್ಟೆಂದು ಹಣ ಕೊಡುವುದರಿಂದ ನಗರದ ಹೊರೆ ಇಳಿಯುತ್ತದೆ.

ಈ ವ್ಯವಸ್ಥೆಯಲ್ಲಿ ಒಳಿತೇ ಇಲ್ಲವೆಂದು ನಾವು ಹೇಳುವುದಿಲ್ಲ. ರೋಗಿಯು ಕೈಯಿಂದ ತೆರಬೇಕಾದ ಹಣಕ್ಕೆ ಇದರಲ್ಲಿ ವಾರ್ಷಿಕ ಮಿತಿಯುಂಟು. ಹಲ್ಲು, ಕಣ್ಣುಗಳ ಚಿಕಿತ್ಸೆಗೂ ಹಲವೆಡೆ ನೆರವು ದೊರೆಯುತ್ತದೆ. ಮೆಡಿಕೇರಿಗೆ ಅರ್ಹರಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂಥ ವ್ಯವಸ್ಥೆಗೆ ಸೇರಿರುವುದೂ ನಿಜ. ಆದರೆ ಸಾಮಾನ್ಯವಾಗಿ ವಿಮಾ ಸಂಸ್ಥೆಯೊಡನೆ ಒಪ್ಪಂದವಿರುವ ವೈದ್ಯರಲ್ಲಿಗೇ ಹೋಗಬೇಕು, ಹಲವು ಚಿಕಿತ್ಸೆಗಳಿಗೆ ಮೊದಲು ಸಂಸ್ಥೆಯ ಒಪ್ಪಿಗೆ ಪಡೆಯಬೇಕು. ಅಮೆರಿಕದ ಆರೋಗ್ಯ ಇಲಾಖೆಯ ಮಹಾನಿರೀಕ್ಷಕರ ಕಚೇರಿಯು 2022ರ ಏಪ್ರಿಲಿನಲ್ಲಿ ಹೊರತಂದ ವರದಿಯ ಪ್ರಕಾರ, ಇಂಥ ಸಂಸ್ಥೆಗಳು ಪೂರ್ವಾನುಮತಿ ನಿರಾಕರಿಸಿದ ಪ್ರಕರಣಗಳಲ್ಲಿ ಶೇಕಡಾ 13ರಷ್ಟು ಮೆಡಿಕೇರಿನ ನಿಯಮಗಳ ಪ್ರಕಾರ ಸಲ್ಲಬೇಕಾದ ಚಿಕಿತ್ಸೆಗಳೇ ಆಗಿದ್ದವು. ಎಂಬತ್ತು ದಾಟಿದ ವೃದ್ಧೆಯೊಬ್ಬಳು ನಿರಾಕರಣೆಯ ಪತ್ರವನ್ನು ಹಿಡಿದುಕೊಂಡು ಮೇಲ್ಮನವಿ ಬರೆಯುತ್ತ ಕುಳಿತುಕೊಳ್ಳಬೇಕೆ ಎಂಬುದೇ ನಿವೃತ್ತರ ಪ್ರಶ್ನೆಯಾಗಿತ್ತು.

2021ರಲ್ಲಿ ಸಂಘಗಳ ಒಕ್ಕೂಟವು ಈ ವರ್ಗಾವಣೆಗೆ ಒಪ್ಪಿತು. ಹಳೆಯ ಪೂರಕ ವಿಮೆಯೇ ಬೇಕೆನ್ನುವವರು ತಿಂಗಳಿಗೆ 191 ಡಾಲರ್ ಕಟ್ಟಬೇಕೆಂದು ನಗರವು ಸಾರಿತು. ಅಗ್ನಿಶಾಮಕ ಇಲಾಖೆಯ ತುರ್ತು ವೈದ್ಯಕೀಯ ಸೇವೆಯಿಂದ ನಿವೃತ್ತರಾದ ಮರಿಯಾನ್ ಪಿಟ್ಸಿಟೋಲ ಅವರ ನೇತೃತ್ವದಲ್ಲಿ ನಿವೃತ್ತರು ಸಂಘಟಿತರಾಗಿ ನ್ಯಾಯಾಲಯದ ಮೆಟ್ಟಿಲೇರಿದರು. 191 ಡಾಲರ್ ವಸೂಲಿಯನ್ನು 2022ರ ಮಾರ್ಚಿನಲ್ಲಿ ನ್ಯಾಯಾಲಯ ತಡೆಯಿತು. 2023ರಲ್ಲಿ ಮೇಯರ್ ಎರಿಕ್ ಆಡಮ್ಸ್ ಅವರ ಆಡಳಿತವು ಏಟ್ನಾ ಎಂಬ ವಿಮಾ ಸಂಸ್ಥೆಯೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ವರ್ಷದ ಆಗಸ್ಟಿನಲ್ಲಿ ಅದಕ್ಕೂ ತಡೆ ಬಿದ್ದಿತು. 2024ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯವೂ ನಿವೃತ್ತರ ಪರವಾಗಿ ನಿಂತಿತು. ಆದರೆ 2025ರ ಜೂನ್ 18ರಂದು ರಾಜ್ಯದ ಅತ್ಯುಚ್ಚ ನ್ಯಾಯಾಲಯವು ಈ ತೀರ್ಪನ್ನು ತಿರುಗಿಸಿತು. ನಗರವು ವರ್ಷವರ್ಷವೂ ಹಂಚಿದ ವಿವರ ಕೈಪಿಡಿಗಳಲ್ಲಿನ ಮಾತುಗಳು, ಪೂರಕ ವಿಮೆಯನ್ನು ಜೀವನಪರ್ಯಂತ ಕೊಡುತ್ತೇವೆಂಬ ಸ್ಪಷ್ಟ ವಾಗ್ದಾನವೆನಿಸುವುದಿಲ್ಲ ಎಂಬುದು ಅದರ ನಿಲುವು. ಹೀಗೆ ಗೆದ್ದಮೇಲೂ ಮೇಯರ್ ಆಡಮ್ಸ್ ಅವರು ಕೆಲವೇ ದಿನಗಳಲ್ಲಿ ವರ್ಗಾವಣೆಯನ್ನು ಕೈಬಿಡುವುದಾಗಿ ಪ್ರಕಟಿಸಿದರು. ನಿವೃತ್ತರು ನಿಟ್ಟುಸಿರು ಬಿಟ್ಟರು. ಆದರೆ ಆ ಮಾತು ಕೊಟ್ಟವರ ಅಧಿಕಾರಾವಧಿ 2025ರ ಕೊನೆಗೆ ಮುಗಿದಿದೆ. ಕಾನೂನಿನ ಆಸರೆಯಿಲ್ಲದೆ ಒಬ್ಬ ಅಧಿಕಾರಸ್ಥರ ಮಾತಿನ ಮೇಲೆ ನಿಂತ ಭದ್ರತೆ ಎಷ್ಟು ಗಟ್ಟಿ ಎಂಬುದನ್ನು ವಾಚಕರೇ ಊಹಿಸಬಹುದು.

ಈ ಸಂದರ್ಭದಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ನಿವೃತ್ತ ನೌಕರನ ಆರೋಗ್ಯ ವಿಮೆಯು ಆತನು ದುಡಿದ ದಿನಗಳಲ್ಲಿ ಪಡೆಯದೆ ಉಳಿಸಿದ ಕೂಲಿಯ ಒಂದು ಭಾಗ. ಅದನ್ನು ದಾನದಂತೆ ಭಾವಿಸಿ, ಬೊಕ್ಕಸ ಬರಿದಾದಾಗ ಮೊಟಕುಗೊಳಿಸುವುದು ನ್ಯಾಯವಲ್ಲ. ದುಡಿದವರಿಗೆ ಕೊಡದೆ ಉಳಿಸಿಕೊಂಡ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರ ಪತ್ರವು ಎಚ್ಚರಿಸುತ್ತದೆ. ಜಗದ್ಗುರು ಎರಡನೆಯ ಜಾನ್ ಪಾಲರು 1981ರ ಸೆಪ್ಟೆಂಬರಿನಲ್ಲಿ ಹೊರಡಿಸಿದ, ಶ್ರಮವನ್ನು ಕುರಿತ 'ಲಾಬೊರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ ವೃದ್ಧಾಪ್ಯದ ಪಿಂಚಣಿ ಹಾಗೂ ವಿಮೆಯನ್ನು ಕಾರ್ಮಿಕನ ಹಕ್ಕುಗಳ ಸಾಲಿನಲ್ಲೇ ಇರಿಸಿದ್ದಾರೆ. ವೈದ್ಯಕೀಯ ನೆರವು ಆತನಿಗೆ ಸುಲಭವಾಗಿ, ಆದಷ್ಟು ಅಗ್ಗವಾಗಿ ಅಥವಾ ಉಚಿತವಾಗಿ ದೊರೆಯಬೇಕೆಂದಿದ್ದಾರೆ. ಧರ್ಮಸಭೆಯ ಈ ಬೋಧನೆಯ ಬೆಳಕಿನಲ್ಲಿ ನೋಡಿದರೆ ನಿವೃತ್ತರ ಬೇಡಿಕೆ ದುರಾಸೆಯೆನಿಸುವುದಿಲ್ಲ.

ನಗರಾಡಳಿತದ ಕಷ್ಟವೂ ಸುಳ್ಳಲ್ಲ. ಔಷಧ, ಆಸ್ಪತ್ರೆಗಳ ಬೆಲೆ ಏರುತ್ತಲೇ ಇದೆ. ಇಂದು ದುಡಿಯುತ್ತಿರುವ ನೌಕರರ ಸಂಬಳಕ್ಕೂ ಹಣ ಬೇಕು. ಆದರೆ ಉಳಿತಾಯದ ಮಾತುಕತೆಯಲ್ಲಿ ಯಾರ ಪಾಲನ್ನು ಕಡಿಮೆ ಮಾಡಲಾಗುತ್ತಿತ್ತೋ ಆ ವೃದ್ಧರ ಒಪ್ಪಿಗೆಯನ್ನು ಕೇಳಿದವರು ಯಾರು? ಒಂದು ಮನೆಯಲ್ಲಿ ಅಣ್ಣತಮ್ಮಂದಿರು ಸೇರಿಕೊಂಡು, ಒಳಗೆ ಮಲಗಿರುವ ತಾಯಿಯನ್ನು ಕೇಳದೆಯೇ ಆಕೆಯ ಪಾಲನ್ನು ಹಂಚಿಕೊಂಡಂತಾಯಿತು. 2024ರ ಜೂನಿನಲ್ಲಿ ಶಿಕ್ಷಕರ ಸಂಘದ ನಿವೃತ್ತರ ಘಟಕಕ್ಕೆ ನಡೆದ ಚುನಾವಣೆಯಲ್ಲಿ ವರ್ಗಾವಣೆಯ ವಿರೋಧಿಗಳು ಗೆದ್ದ ಬಳಿಕವೇ ಆ ಸಂಘದ ಅಧ್ಯಕ್ಷರು ತಮ್ಮ ಬೆಂಬಲವನ್ನು ಹಿಂತೆಗೆದುಕೊಂಡರು. ಹಿರಿಯರ ಮಾತಿಗೆ ಬೆಲೆ ಬರಲು ಅವರು ಮತ ಹಾಕಿ ತೋರಿಸಬೇಕಾಯಿತು.

ಇಂಥ ಮಾತು ಮುರಿದರೆ ಏನಾಗುತ್ತದೆ ಎಂಬುದಕ್ಕೆ ಡೆಟ್ರಾಯಿಟ್ ನಗರವು ಉದಾಹರಣೆ. 2013ರ ಜುಲೈಯಲ್ಲಿ ಆ ನಗರವು ದಿವಾಳಿಯೆಂದು ನ್ಯಾಯಾಲಯಕ್ಕೆ ಹೋಯಿತು. ಸಾಮಾನ್ಯ ನಿವೃತ್ತರ ಪಿಂಚಣಿಯಲ್ಲಿ ಕಡಿತವಾದದ್ದು ಶೇಕಡಾ 4.5, ಆರೋಗ್ಯ ಸೌಲಭ್ಯಕ್ಕಾಗಿ ಇರಿಸಬೇಕಾಗಿದ್ದ ಹಣದಲ್ಲಾದರೋ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಹೋಯಿತು. ಮಿಶಿಗನ್ ರಾಜ್ಯದ ಸಂವಿಧಾನವು ಗಳಿಸಿದ ಪಿಂಚಣಿಗೆ ರಕ್ಷಣೆ ಕೊಟ್ಟಿದೆ. ಆರೋಗ್ಯ ಸೌಲಭ್ಯಕ್ಕೆ ಅಂಥ ರಕ್ಷಣೆ ಇರಲಿಲ್ಲ. ಪಿಂಚಣಿ ಇದೆಯೆಂದ ಮೇಲೆ ವಿಮೆಯೂ ಇದ್ದೇ ಇರುತ್ತದೆಂದು ನಂಬಿ ಕೂರುವುದು ಅಪಾಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮ ಕುಟುಂಬಗಳು ಗಮನಿಸಬೇಕಾದ ಕೆಲವು ಸಂಗತಿಗಳು. ಮೊದಲನೆಯದಾಗಿ, ಮೆಡಿಕೇರ್ ಅಪರೂಪದ ಕೆಲವು ಸಂದರ್ಭಗಳನ್ನು ಬಿಟ್ಟರೆ ಅಮೆರಿಕದ ಹೊರಗೆ ಪಡೆದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಮಂಗಳೂರಿನ ಆಸ್ಪತ್ರೆಯ ಬಿಲ್ಲನ್ನು ಅಲ್ಲಿಗೆ ಕಳುಹಿಸಿ ಪ್ರಯೋಜನವಿಲ್ಲ. ಎರಡನೆಯದಾಗಿ, ಊರಿಗೆ ಬಂದೆವೆಂದು ಬಿ ಭಾಗದ ಕಂತು ನಿಲ್ಲಿಸಿ, ಮುಂದೆ ಮಕ್ಕಳ ಬಳಿಗೆ ಮರಳಿ ಮತ್ತೆ ಸೇರಬಯಸಿದರೆ, ಹೊರಗಿದ್ದ ಪ್ರತಿ ಪೂರ್ಣ ಹನ್ನೆರಡು ತಿಂಗಳಿಗೆ ಶೇಕಡಾ 10ರಂತೆ ಕಂತು ಹೆಚ್ಚುತ್ತದೆ. ಆ ದಂಡವು ಸಾಮಾನ್ಯವಾಗಿ ಜೀವಮಾನವೆಲ್ಲ ಬೆನ್ನಿಗಿರುತ್ತದೆ. ಮೂರನೆಯದಾಗಿ, ನಗರದ ಪೂರಕ ವಿಮೆಯನ್ನು ಬಿಟ್ಟು ಬೇರೊಂದು ವ್ಯವಸ್ಥೆಗೆ ಸೇರುವ ಮುನ್ನ, ಮತ್ತೆ ಹಿಂದಿರುಗಲು ದಾರಿಯುಂಟೇ ಎಂದು ಕೇಳಿಕೊಳ್ಳಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ ಪೂರಕ ವಿಮೆಯನ್ನು ಯಾವಾಗ ಕೇಳಿದರೂ ಸಂಸ್ಥೆಗಳು ಕೊಡಬೇಕು. ಆದರೆ ಹೆಚ್ಚಿನ ರಾಜ್ಯಗಳಲ್ಲಿ 65 ತುಂಬಿ ಬಿ ಭಾಗಕ್ಕೆ ಸೇರಿದ ಮೊದಲ ಆರು ತಿಂಗಳು ಕಳೆದರೆ ಹಳೆಯ ಕಾಯಿಲೆಯನ್ನು ಕಾರಣವಾಗಿ ತೋರಿಸಿ ನಿರಾಕರಿಸಬಹುದು. ಮಕ್ಕಳಿರುವ ಊರೆಂದು ಬೇರೆ ರಾಜ್ಯಕ್ಕೆ ಮನೆ ಬದಲಿಸುವವರು ಇದನ್ನು ಮರೆಯಬಾರದು.

ಊರಿಗೆ ಮರಳುವವರು ಇಲ್ಲಿಯೂ ಒಂದು ವಿಮೆ ಮಾಡಿಸಿಕೊಳ್ಳುವುದು ಅಗತ್ಯ. ಭಾರತದಲ್ಲಿ ಮೊದಲೇ ಇರುವ ಕಾಯಿಲೆಗೆ ವಿಮಾ ಸಂಸ್ಥೆಯು ಮೂರು ವರ್ಷಗಳವರೆಗೆ ಕಾಯಿಸಬಹುದೆಂಬುದು 2024ರಿಂದ ಜಾರಿಯಲ್ಲಿರುವ ನಿಯಮ. ಅದಕ್ಕೆ ಮುಂಚೆ ಈ ಮಿತಿ ನಾಲ್ಕು ವರ್ಷಗಳಷ್ಟಿತ್ತು. ಆದುದರಿಂದ ಹಡಗಿಗೆ ಸಾಮಾನು ಹಾಕಿಸುವ ಮುನ್ನವೇ ಇದರ ಯೋಚನೆ ಮಾಡಬೇಕು. ಒಪ್ಪಂದದ ಆಸ್ಪತ್ರೆ, ಪೂರ್ವಾನುಮತಿ, ಕೊಠಡಿ ಬಾಡಿಗೆಯ ಮಿತಿ ಎಂಬ ಮಾತುಗಳು ನಮ್ಮ ವಿಮಾಪತ್ರಗಳಲ್ಲೂ ಇವೆ. ಅವುಗಳ ಅರ್ಥವನ್ನು ಆಸ್ಪತ್ರೆಯ ಹಣ ಕಟ್ಟುವ ಕಿಂಡಿಯ ಮುಂದೆ ನಿಂತು ಕಲಿಯುವಂತಾಗಬಾರದು.

ತಂದೆತಾಯಿಯರನ್ನು ಗೌರವಿಸಬೇಕೆಂಬ ದೇವರಾಜ್ಞೆಯನ್ನು ನಾವು ಬಾಲ್ಯದಿಂದಲೇ ಕಲಿತಿದ್ದೇವೆ. ಇಂದಿನ ದಿನಗಳಲ್ಲಿ ಆ ಗೌರವದ ಒಂದು ರೂಪವೆಂದರೆ ಅವರ ವಿಮೆಯ ಕಾಗದಗಳನ್ನು ಅವರೊಡನೆ ಕುಳಿತು ಓದುವುದು, ಅನುಮಾನವಿದ್ದರೆ ಸಂಬಂಧಪಟ್ಟ ಕಚೇರಿಗೆ ಬರೆದು ಉತ್ತರವನ್ನೂ ಬರಹದಲ್ಲೇ ಪಡೆದಿಟ್ಟುಕೊಳ್ಳುವುದು. ಬಾಯಿಮಾತಿನ ಭರವಸೆಯನ್ನೂ ಕೈಪಿಡಿಯ ಸವಿಮಾತನ್ನೂ ನಂಬಿದ ನ್ಯೂಯಾರ್ಕಿನ ನಿವೃತ್ತರಿಗೆ ನ್ಯಾಯಾಲಯದಲ್ಲಿ ಕೊನೆಗೆ ದೊರೆತ ಉತ್ತರವೇನೆಂಬುದನ್ನು ಮೇಲೆ ಕಂಡೆವು. ನಮ್ಮ ಧರ್ಮಕೇಂದ್ರಗಳಲ್ಲಿರುವ ಕುಟುಂಬ ಆಯೋಗಗಳೂ ಹಿರಿಯರ ಕೂಟಗಳೂ ವರ್ಷಕ್ಕೊಮ್ಮೆಯಾದರೂ ಭಾನುವಾರದ ಪೂಜೆಯ ಬಳಿಕ, ವಿಮೆಯ ವಿಷಯ ಬಲ್ಲ ಒಬ್ಬರನ್ನು ಕರೆಸಿ ಈ ಕುರಿತು ತಿಳಿವಳಿಕೆ ನೀಡುವುದಾದರೆ ಅದು ದೊಡ್ಡ ಉಪಕಾರವಾದೀತು. ನಗರಗಳನ್ನು ಆಳುವವರಾದರೋ, ನಂಬಿ ದುಡಿದವರಿಗೆ ಕೊಟ್ಟ ಮಾತನ್ನು ಅವರ ಮುಪ್ಪಿನ ಕಾಲದಲ್ಲಿ ಉಳಿಸಿಕೊಳ್ಳುವುದು ತಮ್ಮ ಮೊದಲ ಕರ್ತವ್ಯಗಳಲ್ಲೊಂದೆಂದು ತಿಳಿದು, ಅದನ್ನು ಕಾನೂನಿನಲ್ಲೇ ಬರೆದಿಡಲಿ ಎಂದು ನಾವು ಆಶಿಸುತ್ತೇವೆ.