ಬಣ್ಣಕ್ಕೆ ಮೊದಲು ರಬ್ಬರು

ಹಳೆಯ ಮೋಟಾರು ಕಾರುಗಳ ಮೆರವಣಿಗೆಯೊಂದು ಊರಿನ ರಾಜಬೀದಿಯಲ್ಲಿ ಸಾಗುವಾಗ ನೋಡುವವರ ಕಣ್ಣನ್ನು ಸೆಳೆಯುವುದು ಅವುಗಳ ಮೈಯ ಕಾಂತಿಯೇ ಹೊರತು ಬಾಗಿಲಿನ ಅಂಚಿನಲ್ಲಿ ಅಡಗಿ ಕುಳಿತ ಕರಿಯ ರಬ್ಬರ್ ಪಟ್ಟಿಯಲ್ಲ. ಆದುದರಿಂದಲೇ ಒಡೆಯರೂ ತಮ್ಮ ಹಣವನ್ನೂ ಉತ್ಸಾಹವನ್ನೂ ಬಣ್ಣಕ್ಕೆ ಸುರಿದು, ಗ್ಯಾರೇಜಿನವರು ಬೀಡಿಂಗ್ ಎಂದು ಕರೆಯುವ ಆ ಪಟ್ಟಿಯನ್ನು ಕಡೆಯಲ್ಲಿ ಉಳಿದ ಚಿಲ್ಲರೆ ಕೆಲಸಗಳ ಸಾಲಿಗೆ ಸೇರಿಸಿಬಿಡುತ್ತಾರೆ. ಈ ಕ್ರಮವು ತಲೆಕೆಳಗಾದುದೆಂದೂ, ಇದರಿಂದ ಉಳಿಯಬಹುದಾಗಿದ್ದ ಎಷ್ಟೋ ಒಳ್ಳೆಯ ಕಾರುಗಳು ಹಾಳಾಗುತ್ತಿವೆಯೆಂದೂ ನನ್ನ ಅಭಿಪ್ರಾಯ.

ಮಳೆಯ ನೀರು ಹಳೆಯ ಕಾರನ್ನು ಹೊರಗಿನಿಂದ ಕೆಡಿಸುವುದು ಕಡಿಮೆ. ಮುಂಗಾಜಿನ ಸುತ್ತಣ ರಬ್ಬರು ಒಣಗಿ ಬಿರಿದೆಡೆಯಲ್ಲಿ ನುಸುಳಿ, ಡ್ಯಾಶ್‌ಬೋರ್ಡಿನ ಹಿಂಬದಿಯಿಂದ ಇಳಿದು, ಕಾಲಡಿಯ ನೆಲಹಾಸಿನ ಕೆಳಗೆ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ತಂಗಿ, ಕಡೆಗೆ ತಗಡನ್ನು ಒಳಗಿನಿಂದಲೇ ತಿಂದುಹಾಕುವುದು ಅದರ ರೀತಿ. ಬಾಗಿಲಿನ ಗಾಜಿನ ಪಕ್ಕದಿಂದ ಒಳಗಿಳಿದ ನೀರು ಹರಿದುಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವು ಧೂಳು ತುಂಬಿ ಮುಚ್ಚಿಹೋದವೆಂದರೆ ಬಾಗಿಲೇ ನೀರಿನ ತೊಟ್ಟಿ. ಮಂಗಳೂರು ಉಡುಪಿಗಳ ಮಳೆಗಾಲವನ್ನೂ ಕಡಲಿನ ಉಪ್ಪುಗಾಳಿಯನ್ನೂ ಕಂಡ ಕಾರುಗಳಲ್ಲಿ, ಮೇಲೆ ಥಳುಕು ಒಳಗೆ ಹುಳುಕು ಎಂಬ ಮಾತು ಅಕ್ಷರಶಃ ಸತ್ಯವಾಗಿರುವುದುಂಟು.

ರಬ್ಬರಿಗೆ ಮುಪ್ಪು ಅನಿವಾರ್ಯ. ಗಂಧಕದೊಡನೆ ಕಾಯಿಸಿ ಅದನ್ನು ದೃಢಗೊಳಿಸುವ ವಿದ್ಯೆಯನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನಾದರೂ, ಸಹಜ ರಬ್ಬರಿನ ಅಣುಸರಪಳಿಯಲ್ಲಿ ಉಳಿದಿರುವ ಜೋಡಿಬಂಧಗಳನ್ನು ಗಾಳಿಯಲ್ಲಿ ಅತ್ಯಲ್ಪವಾಗಿರುವ ಓಝೋನ್ ಕಡಿಯುತ್ತಲೇ ಹೋಗುತ್ತದೆ; ಪಟ್ಟಿಯು ಬಾಗಿ ಎಳೆತಕ್ಕೆ ಸಿಕ್ಕ ಮೂಲೆಗಳಲ್ಲಿ, ಎಳೆತಕ್ಕೆ ಅಡ್ಡವಾಗಿ, ಸೂಕ್ಷ್ಮವಾದ ಬಿರುಕುಗಳು ಮೊದಲು ಕಾಣಿಸಿಕೊಳ್ಳುವುದು ಈ ಕಾರಣದಿಂದ. ಇಂದು ದೊರೆಯುವ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು ಓಝೋನಿಗೂ ಬಿಸಿಲಿಗೂ ಬಹುಮಟ್ಟಿಗೆ ಜಗ್ಗುವುದಿಲ್ಲವಾದುದರಿಂದ ಅದನ್ನೇ ಕೇಳಿ ಪಡೆಯುವುದು ಲೇಸು. ಉತ್ತರಪಾರಾದಲ್ಲಿ ಅರ್ಧ ಶತಮಾನಕ್ಕೂ ಮಿಗಿಲಾಗಿ ತಯಾರಾಗಿ 2014ರಲ್ಲಿ ನಿಂತುಹೋದ ಅಂಬಾಸಡರಿಗಾಗಲಿ, ಮುಂಬಯಿಯ ಪ್ರೀಮಿಯರ್ ಪದ್ಮಿನಿಗಾಗಲಿ, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡಿಗಾಗಲಿ ಕಾರ್ಖಾನೆಯ ಮೂಲ ಪಟ್ಟಿ ಇನ್ನು ಬರಲಾರದು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಬೀದಿಯಲ್ಲಿ ಅಳೆದು ಕೊಡುವ ಪಟ್ಟಿಯನ್ನೇ ಆಶ್ರಯಿಸಬೇಕಾದವನು ಹಳೆಯದರ ಗೇಣುದ್ದದ ತುಂಡನ್ನು ಜೊತೆಗೆ ಒಯ್ದು, ಉದ್ದಕ್ಕಿಂತ ಮುಖ್ಯವಾಗಿ ಅಡ್ಡಕೊಯ್ತದ ಆಕಾರವನ್ನು ತಾಳೆ ನೋಡಬೇಕು. ದಪ್ಪವಾದಷ್ಟೂ ಭದ್ರವೆಂದು ಅಂಗಡಿಯವನು ಹೇಳಿದರೆ ನಂಬಬಾರದು. ಅತಿ ದಪ್ಪದ ಪಟ್ಟಿ ಹಾಕಿದ ಬಾಗಿಲು ಮುಚ್ಚುವುದೇ ಇಲ್ಲ, ಬಲವಂತಕ್ಕೆ ಮುಚ್ಚಿದರೆ ಕೀಲು ಜಗ್ಗುತ್ತದೆ.

ಹಳೆಯ ಪಟ್ಟಿಯನ್ನು ಕಿತ್ತಾಗಲೇ ಕಾರಿನ ನಿಜವಾದ ಸ್ಥಿತಿ ಬಯಲಾಗುವುದು. ಅದರ ಅಡಿಯಲ್ಲಿ ಒಣಗಿದ ಅಂಟು, ಅಂಟಿನಡಿಯಲ್ಲಿ ಗುಳ್ಳೆಯೆದ್ದ ಬಣ್ಣ, ಗುಳ್ಳೆಯನ್ನು ಕೆರೆದರೆ ಕಂದುಬಣ್ಣದ ತುಕ್ಕಿನ ಹುಡಿ. ಬಣ್ಣದ ತೇಪೆ ಆರಂಭವಾಗಬೇಕಾದ ಸ್ಥಳ ಇದು, ಬಾನೆಟ್ಟಿನ ಮೇಲಣ ಗೀರಲ್ಲ. ತುಕ್ಕನ್ನು ಹೊಳೆಯುವ ಲೋಹ ಕಾಣುವತನಕ ಉಜ್ಜಿ, ಪ್ರೈಮರ್ ಕೊಟ್ಟು, ತೆಳುವಾದ ಲೇಪಗಳನ್ನು ಒಂದು ಆರಿದ ಮೇಲೆ ಇನ್ನೊಂದರಂತೆ ಏರಿಸಿ, ಪೂರ್ಣವಾಗಿ ಒಣಗಲು ಬಿಟ್ಟು, ಆಮೇಲೆ ಹೊಸ ರಬ್ಬರನ್ನು ಕೂರಿಸಬೇಕು. ಪಟ್ಟಿಯನ್ನು ಕೀಳದೆ ಅದರ ಮೇಲೆ ಕಾಗದ ಅಂಟಿಸಿ ಬಣ್ಣ ಹೊಡೆಯುವ ಪೇಂಟರನು ಕೇವಲ ತನ್ನ ಸಮಯವನ್ನು ಉಳಿಸಿಕೊಳ್ಳುತ್ತಾನೆ.

ಹೊಸ ಬಣ್ಣವನ್ನು ಬಿಸಿಲಿಗೆ ಮಾಸಿದ ಮೈಗೆ ಹೋಲಿಸಿ ಬೆರೆಸುವುದೂ ಸಾಮಾನ್ಯವಾದ ದೋಷ. ಮೊದಲು ಆ ಭಾಗವನ್ನು ರಬ್ಬಿಂಗ್ ಕಾಂಪೌಂಡಿನಿಂದ ತಿಕ್ಕಿ, ಸತ್ತ ಪದರ ಹೋದಮೇಲೆ ಕಾಣುವ ವರ್ಣವನ್ನು ಆಧಾರವಾಗಿಟ್ಟುಕೊಳ್ಳತಕ್ಕದ್ದು. ಹಳೆಯ ಲೇಪ ಯಾವ ಜಾತಿಯದೆಂದು ತಿಳಿಯಲು ಮರೆಯಾದ ಮೂಲೆಯೊಂದನ್ನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿದರೆ ಸಾಕು: ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆಗಿದ್ದರೆ ಕರಗಿ ಬಟ್ಟೆಗೆ ಹತ್ತುತ್ತದೆ, ಹೊಸದರೊಡನೆ ಬೆರೆತು ಒಂದಾಗುತ್ತದೆ; ಎನಾಮೆಲ್ ಆದರೆ ಲ್ಯಾಕರಿನ ಕಟುವಾದ ಥಿನ್ನರು ತಗುಲಿ ಸುಕ್ಕುಗಟ್ಟುವ ಭಯವುಂಟು. ಟೈರಿಗೆ ಮಿರುಗು ಕೊಡಲು ಹಚ್ಚುವ ಸಿಲಿಕೋನಿನ ಲವಲೇಶ ತಗಡಿನ ಮೇಲೆ ಉಳಿದಿದ್ದರೂ ಹೊಸ ಬಣ್ಣವು ಅಲ್ಲಿ ಹಿಡಿಯದೆ ಸಣ್ಣ ಸಣ್ಣ ಕುಳಿಗಳಾಗಿ ಒಡೆಯುತ್ತದೆ.

ಇಷ್ಟೆಲ್ಲ ತೊಡಕೇಕೆ, ಇಡೀ ಕಾರಿಗೇ ಹೊಸ ಬಣ್ಣ ಹೊಡೆಸಿಬಿಡಬಾರದೇ ಎಂದು ಕೇಳುವವರಿದ್ದಾರೆ. ತಗಡು ತೂತುಬಿದ್ದಿದ್ದರೆ, ಅಥವಾ ಹಿಂದಿನ ಒಡೆಯರು ಅಗ್ಗದ ಬಣ್ಣವನ್ನು ಒಂದರ ಮೇಲೊಂದರಂತೆ ಬಳಿಸಿ ಮೂಲದ್ದೇನನ್ನೂ ಉಳಿಸದೆ ಹೋಗಿದ್ದರೆ ಹಾಗೆಯೇ ಮಾಡಲಿ, ವಾದವಿಲ್ಲ. ಆದರೆ ಕಾರ್ಖಾನೆಯಲ್ಲಿ ಬಿದ್ದ ಲೇಪ ಇನ್ನೂ ಮುಕ್ಕಾಲುಪಾಲು ಗಟ್ಟಿಯಾಗಿರುವ ಕಾರನ್ನು ಬೋಳಿಸಿ, ಅದು ಹುಟ್ಟಿದ ಕಾಲದಲ್ಲಿ ಇಲ್ಲದ ಹೊಳಪನ್ನು ಅದರ ಮೇಲೆ ಹೇರುವುದರಲ್ಲಿ ನನಗೆ ಅಭಿರುಚಿಯ ಲಕ್ಷಣ ಕಾಣುವುದಿಲ್ಲ. ಐವತ್ತು ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ನೋಂದಣಿ ನೀಡುವ 2021ರ ಕೇಂದ್ರ ನಿಯಮಗಳು ಕೂಡ ವಾಹನವು ಮೂಲ ಸ್ವರೂಪದಲ್ಲಿ ಉಳಿದಿರಬೇಕೆಂದು, ಚಾಸಿ ಬಾಡಿ ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡಾಗಿರಬಾರದೆಂದು ಹೇಳುತ್ತವೆ. ಬಣ್ಣದ ವಿಚಾರದಲ್ಲಿಯೂ ಒಡೆಯನು ಅದೇ ಸಂಯಮವನ್ನು ತಾನಾಗಿ ಪಾಲಿಸಬಹುದಲ್ಲವೆ?

ಮುಂಗಾಜನ್ನು ಮರಳಿ ಕೂರಿಸುವುದು ನೋಡತಕ್ಕ ಕೆಲಸ. ಹೊಸ ರಬ್ಬರನ್ನು ಗಾಜಿನ ಸುತ್ತ ತೊಡಿಸಿ, ಅದರ ಹೊರಗಣ ತೋಡಿನಲ್ಲಿ ನೈಲಾನ್ ಹುರಿಯೊಂದನ್ನು ಸುತ್ತಲೂ ಹುದುಗಿಸಿ, ಸಾಬೂನು ನೀರು ಸವರಿ, ಹುರಿಯ ಎರಡು ತುದಿಗಳು ಕಾರಿನ ಒಳಗೆ ಬರುವಂತೆ ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತಾರೆ. ಹೊರಗಿರುವವನು ಅಂಗೈಯಿಂದ ತಟ್ಟುತ್ತಿರಲು ಒಳಗಿರುವವನು ಹುರಿಯನ್ನು ಮೆಲ್ಲಮೆಲ್ಲನೆ ಎಳೆದನೆಂದರೆ, ರಬ್ಬರಿನ ತುಟಿ ತಗಡಿನ ಅಂಚನ್ನು ಹತ್ತಿ ಒಳಕ್ಕೆ ಮಗುಚಿಕೊಳ್ಳುತ್ತ ಬರುತ್ತದೆ. ಇಬ್ಬರ ಕೈಯೂ ಒಂದೇ ಲಯದಲ್ಲಿರಬೇಕು. ಆತುರಪಟ್ಟರೆ ಗಾಜು ಒಡೆಯುತ್ತದೆ.

ಎಲ್ಲ ಮುಗಿದ ಮೇಲೆ ಒಬ್ಬನನ್ನು ಟಾರ್ಚಿನೊಡನೆ ಒಳಗೆ ಕೂರಿಸಿ, ಬಾಗಿಲುಗಳನ್ನು ಮುಚ್ಚಿ, ನೀರಿನ ಪೈಪನ್ನು ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಒಯ್ಯುತ್ತ ಹಿಡಿಯಬೇಕು. ಮೊದಲೇ ಮಾಡಿನ ಮೇಲೆ ಸುರಿದರೆ ನೀರು ಎಲ್ಲೆಡೆ ಹರಿದು, ಸೋರಿದ್ದು ಎಲ್ಲಿಂದ ಎಂಬುದು ತಿಳಿಯುವುದಿಲ್ಲ. ಈ ಪರೀಕ್ಷೆ ಆಗುವವರೆಗೆ ಪೇಂಟರನ ಬಾಕಿ ಹಣ ಒಡೆಯನ ಜೇಬಿನಲ್ಲಿಯೇ ಇರಲಿ.