ನನ್ನನ್ನ ‘ಅದ್ಭುತ’ ಅಂತ ಕರೀಬೇಡಿ

1/4

ಕಳೆದ ವಾರ ತಲೆಗೆ ಸ್ಕಾರ್ಫ್ ಕಟ್ಟಿಕೊಂಡಿರೋ ನನ್ನ ಹಳೇ ಫೋಟೋ ಹಾಕಿದ್ದೆ, ನೆನಪಿದೆಯಾ? ‘ನೀನ್ಯಾಕೆ ಒಂದು ವರ್ಷ ಲೇಟು’ ಅಂತ ಕ್ಲಾಸಲ್ಲಿ ಕೇಳ್ತಿದ್ದವರಿಗೆ ಅದೇ ಉತ್ತರ. ಹದಿನಾರನೇ ವಯಸ್ಸಲ್ಲಿ, ಫಸ್ಟ್ ಪಿಯು ಸೇರಿ ಎರಡು ತಿಂಗಳಿಗೆ, ನಂಗೆ ಬ್ಲಡ್ ಕ್ಯಾನ್ಸರ್ ಬಂತು. ಡಾಕ್ಟರ್ ಭಾಷೇಲಿ ಎ.ಎಲ್.ಎಲ್. ಎರಡೂವರೆ ವರ್ಷ ಟ್ರೀಟ್‌ಮೆಂಟ್. ಅದು ಮುಗಿದು ಈಗ ಒಂದೂವರೆ ವರ್ಷ ಆಯ್ತು.

ಫೋಟೋ ನೋಡಿ ಮೆಸೇಜ್ ಮಾಡಿದ ಎಲ್ಲರಿಗೂ ಥ್ಯಾಂಕ್ಸ್. ಆದರೆ ನಮ್ಮ ಸಭೆಯ ಯೂತ್‌ನವರು ತುಂಬಾ ಜನ ಒಂದೇ ಮಾತು ಬರೆದಿದ್ರು: ನಿನ್ನ ನಂಬಿಕೆ ಅಷ್ಟು ದೊಡ್ಡದು, ಅದಕ್ಕೇ ಕರ್ತನು ನಿನ್ನನ್ನ ಉಳಿಸಿದ, ನೀನೊಂದು ಅದ್ಭುತ. ಪ್ರೀತಿಯಿಂದ ಬರೆದಿದ್ದು ಅಂತ ಗೊತ್ತು. ಬೇಜಾರು ಮಾಡ್ಕೋಬೇಡಿ, ಈ ಮಾತನ್ನ ಮಾತ್ರ ಇನ್ಮೇಲೆ ಹೇಳ್ಬೇಡಿ. ಕಾಯಿಲೆ ಬಂದ ಮೇಲೆ ನನ್ನ ನಂಬಿಕೆ ಗಟ್ಟಿಯಾಗಿದ್ದು ನಿಜ. ಆದರೆ ನೀವು ಅಂದ್ಕೊಂಡಿರೋ ಥರ ಅಲ್ಲ.

ಆಗ ನನ್ನ ನಂಬಿಕೆ ಎಷ್ಟಿತ್ತು ಅಂತ ನಂಗೇ ಗೊತ್ತು. ಸಂಡೇ ಸ್ಕೂಲಲ್ಲಿ ಬೈಬಲ್ ಕ್ವಿಜ್ ಪ್ರೈಜ್ ತಗೊಂಡಿದ್ದೆ, ಕ್ರಿಸ್‌ಮಸ್‌ಗೆ ಕ್ಯಾರಲ್ಸ್ ಹಾಡ್ತಿದ್ದೆ, ಎಕ್ಸಾಮ್ ಹಿಂದಿನ ರಾತ್ರಿ ಮಾತ್ರ ಜೋರು ಪ್ರಾರ್ಥನೆ. ಅಷ್ಟೇ. ಕಾಯಿಲೆ ಗೊತ್ತಾದ ಮೇಲೆ ಸುಮಾರು ನಾಲ್ಕು ತಿಂಗಳು ಅದನ್ನೂ ಬಿಟ್ಟಿದ್ದೆ. ಅಮ್ಮ ಪ್ರಾರ್ಥನೆ ಮಾಡುವಾಗ ಕಣ್ಣು ಮುಚ್ಕೊಂಡು ಸುಮ್ನೆ ಮಲಗಿರ್ತಿದ್ದೆ. ಆಮೆನ್ ಕೂಡ ಹೇಳ್ತಿರ್ಲಿಲ್ಲ.

2/4

ಈ ಫೋಟೋದಲ್ಲಿರೋ ಹೂವು ನಿಮ್ಮೆಲ್ಲರ ಮನೆ ಹತ್ರಾನೂ ಇರುತ್ತೆ. ನಿತ್ಯಪುಷ್ಪ. ನೀರು ಹಾಕದಿದ್ರೂ ಬೆಳೆಯುತ್ತೆ. ಕ್ಯಾನ್ಸರ್‌ಗೆ ಕೊಡೋ ವಿನ್‌ಕ್ರಿಸ್ಟಿನ್ ಅನ್ನೋ ಔಷಧಿ ಸಿಕ್ಕಿದ್ದು ಈ ಗಿಡದಿಂದ. ನಂಗೂ ಕೊಟ್ಟಿದ್ರು. (ಹಾಗಂತ ಯಾರೂ ಎಲೆ ಕಷಾಯ ಮಾಡ್ಕೊಂಡು ಕುಡೀಬೇಡಿ, ಅದು ವಿಷ.)

ಕಾಲ ಮೇಲೆ ಎಲ್ಲೂ ಬೀಳದೇ ನೀಲಿ ಕಲೆ, ಹಲ್ಲುಜ್ಜಿದ್ರೆ ರಕ್ತ, ಬಿಟ್ಟು ಬಿಟ್ಟು ಬರೋ ಜ್ವರ. ಹಾಸನದಲ್ಲಿ ಬ್ಲಡ್ ಟೆಸ್ಟ್ ಮಾಡಿಸಿದ ದಿನವೇ ಬೆಂಗಳೂರಿಗೆ ಕಳಿಸಿದ್ರು. ಅದಾಗಿ ಸ್ವಲ್ಪ ದಿನಕ್ಕೆ ಒಂದು ಪ್ರಾರ್ಥನೆ ಕೂಟದಲ್ಲಿ ಹಿರಿಯರೊಬ್ಬರು ನಮ್ಮಪ್ಪಂಗೆ ಹೇಳಿದ್ರಂತೆ, ಮನೇಲಿ ಅರಿಕೆ ಮಾಡದ ಪಾಪ ಏನೋ ಇರ್ಬೇಕು, ಹುಡುಕಿ ನೋಡಿ ಅಂತ. ಅಪ್ಪ ಆವತ್ತಿಂದ ಆ ಕೂಟಕ್ಕೆ ಹೋಗ್ಲಿಲ್ಲ. ನಂಗೆ ಇದು ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ.

ಯೋಹಾನನ ಸುವಾರ್ತೆ ಒಂಬತ್ತನೇ ಅಧ್ಯಾಯ ಓದಿ. ಹುಟ್ಟು ಕುರುಡನನ್ನ ನೋಡಿ ಶಿಷ್ಯರು ಕೇಳಿದ್ದೂ ಇದನ್ನೇ: ಪಾಪ ಮಾಡಿದ್ದು ಇವನಾ, ಇವನ ಅಪ್ಪ ಅಮ್ಮನಾ? ಯೇಸು ಎರಡೂ ಅಲ್ಲ ಅಂತಾನೆ. ಎರಡು ಸಾವಿರ ವರ್ಷ ಆದ್ರೂ ನಾವು ಅದೇ ಪ್ರಶ್ನೆ ಕೇಳ್ತಾ ಇದೀವಿ. ‘ನಂಬಿಕೆ ಇತ್ತು, ಉಳಿದೆ’ ಅನ್ನೋದು ಅದೇ ಪ್ರಶ್ನೆಯ ಇನ್ನೊಂದು ಮುಖ ಅಲ್ವಾ? ಉಳಿಯದವರಿಗೆ ನಂಬಿಕೆ ಇರ್ಲಿಲ್ಲ ಅಂತ ತಾನೇ ಅದರ ಅರ್ಥ?

ಇನ್ನೊಂದು ವಿಷಯ. ನಾನು ವಾರ ವಾರ ನುಂಗಿದ ಮಾತ್ರೆ ಮೆಥೋಟ್ರೆಕ್ಸೇಟ್. ಇದೇ ಜಾತಿಯ ಅಮಿನಾಪ್ಟೆರಿನ್ ಅನ್ನೋ ಔಷಧಿಯನ್ನ ಬಾಸ್ಟನ್‌ನ ಡಾಕ್ಟರ್ ಸಿಡ್ನಿ ಫಾರ್ಬರ್ 1947ರಲ್ಲಿ ಲ್ಯುಕೀಮಿಯಾ ಮಕ್ಕಳಿಗೆ ಕೊಟ್ಟಾಗ, ಮೊದಲ ಸಲ ಕೆಲವು ಮಕ್ಕಳಲ್ಲಿ ಕಾಯಿಲೆ ಹಿಂದೆ ಸರೀತು, ಸ್ವಲ್ಪ ಕಾಲ ಮಾತ್ರ. ಆ ಔಷಧಿ ತಯಾರಾಗಿದ್ದು ಯಲ್ಲಾಪ್ರಗಡ ಸುಬ್ಬರಾವ್ ನೋಡ್ಕೊಳ್ತಿದ್ದ ಲ್ಯಾಬಲ್ಲಿ. ಆಂಧ್ರದ ಭೀಮಾವರಂನವರು. 1948ರಲ್ಲೇ ತೀರಿಕೊಂಡ್ರು. ಅದಕ್ಕಿಂತ ಮುಂಚೆ ಎ.ಎಲ್.ಎಲ್. ಬಂದ ಮಕ್ಕಳೂ, ಅವರ ಅಪ್ಪ ಅಮ್ಮಂದಿರೂ ಪ್ರಾರ್ಥನೆ ಮಾಡಿರ್ಲಿಲ್ವಾ? ಅವರಿಗೆ ಔಷಧಿ ಇರ್ಲಿಲ್ಲ. ಈಗ ಶ್ರೀಮಂತ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಉಳೀತಾರೆ. ನಮ್ಮಲ್ಲಿ ಅಷ್ಟಿಲ್ಲ. ದುಡ್ಡು, ದೂರ, ಅರ್ಧಕ್ಕೇ ಬಿಟ್ಟುಹೋಗೋ ಟ್ರೀಟ್‌ಮೆಂಟ್ ಇವೆಲ್ಲ ಕಾರಣ. ನಮಗೆ ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಖರ್ಚಿನ ದೊಡ್ಡ ಭಾಗ ಹೋಯ್ತು. ನನ್ನ ಸಾಕ್ಷಿಯಲ್ಲಿ ಆ ಕಾರ್ಡಿಗೂ ಜಾಗ ಇರ್ಬೇಕು.

3/4

ಈ ಪೋಸ್ಟ್‌ಗೆ ಫೋಟೋ ಇಲ್ಲ. ಅವನ ಫೋಟೋ ನನ್ನ ಹತ್ರ ಇದೆ, ಹಾಕಲ್ಲ.

ಪಕ್ಕದ ಬೆಡ್‌ನ ಹುಡುಗ. ಹತ್ತು ವರ್ಷ, ಬೀದರ್ ಕಡೆಯವನು. ಅವರೂ ಕ್ರೈಸ್ತರೇ, ಮೆಥೋಡಿಸ್ಟ್ ಸಭೆ. ‘ಅಕ್ಕಾ, ಫೋನ್ ಕೊಡು’ ಅಂತ ಬೆಳಗ್ಗೆಯಿಂದ ಲೂಡೋ ಆಡೋನು, ನಾನು ವಾಂತಿ ಮಾಡೋಕೆ ಎದ್ದು ಹೋದ್ರೆ ನನ್ನ ಆಟಾನೂ ಅವನೇ ಆಡಿ ಮುಗಿಸಿರೋನು. ನಂಗಿದ್ದ ಕಾಯಿಲೆ, ನಂಗೆ ಕೊಟ್ಟ ಔಷಧಿ, ಅದೇ ಡಾಕ್ಟರ್‌ಗಳು. ಅವರಮ್ಮ ಪ್ರತಿ ಶುಕ್ರವಾರ ಉಪವಾಸ. ನಾನು ಆಮೆನ್ ಹೇಳದ ದಿನಗಳಲ್ಲಿ ಅವನು ರಾತ್ರಿ ತಾನೇ ಪ್ರಾರ್ಥನೆ ಮಾಡಿ ಮಲಗ್ತಿದ್ದ. ಅದರಲ್ಲಿ ನನ್ನ ಹೆಸರೂ ಇರ್ತಿತ್ತು. ನಂಬಿಕೆ ಅಳೆಯೋದಾದ್ರೆ ನಮ್ಮಿಬ್ಬರಲ್ಲಿ ಯಾರದ್ದು ದೊಡ್ಡದು, ನೀವೇ ಹೇಳಿ.

ಕೌಂಟ್ ಪೂರ್ತಿ ಬಿದ್ದಿದ್ದಾಗ ಅವನಿಗೆ ಇನ್‌ಫೆಕ್ಷನ್ ಆಯ್ತು. ಐಸಿಯುಗೆ ಕರ್ಕೊಂಡು ಹೋದ್ರು. ಮೂರನೇ ದಿನ ಬೆಡ್‌ಶೀಟ್ ಬದಲಾಯಿಸಿದ್ರು.

ಒಂದು ತಿಂಗಳ ಮೇಲೆ ಯಾವುದೋ ಪೇಪರ್‌ಗೆ ಅವರಮ್ಮ ಆಸ್ಪತ್ರೆಗೆ ಬಂದಿದ್ರು. ನೇರ ಹೋಗ್ಬಹುದಿತ್ತು. ವಾರ್ಡಿಗೆ ಬಂದು ನನ್ನ ಬೆಡ್ ಹತ್ರ ಕೂತ್ರು. ನಂಗೆ ಮುಖ ನೋಡೋಕಾಗ್ಲಿಲ್ಲ, ನಾನಿನ್ನೂ ಇದೀನಲ್ಲ ಅನ್ನೋ ನಾಚಿಕೆ. ಅವರು ನನ್ನ ಬೋಳು ತಲೆ ಮೇಲೆ ಕೈಯಿಟ್ಟು, ‘ದೇವ್ರ ಮ್ಯಾಲ ಸಿಟ್ಟ ಬಂದದ ನನಗ. ಆದ್ರ ನಿನಗ ಆರಾಮ ಆಗ್ಲಿ ಅಂತ ಕೇಳೋದು ಬಿಡಂಗಿಲ್ಲವ್ವಾ’ ಅಂದ್ರು. ಆಮೇಲೆ ಪ್ರಾರ್ಥನೆ ಮಾಡಿದ್ರು. ಆವತ್ತು ನಾನು ಆಮೆನ್ ಅಂದೆ.

ನನ್ನ ನಂಬಿಕೆ ಶುರುವಾಗಿದ್ದು ಅಲ್ಲಿಂದ. ಸ್ಕ್ಯಾನ್ ರಿಪೋರ್ಟಿಂದ ಅಲ್ಲ. ಕೇಳಿದ್ದು ಸಿಗದೇ ಹೋದ ಮೇಲೂ ಒಬ್ಬ ತಾಯಿ ಬೇರೆಯವರ ಮಗಳಿಗೋಸ್ಕರ ಕೇಳ್ತಾಳೆ ಅಂದ್ರೆ, ಅವಳು ಯಾರ ಹತ್ರ ಮಾತಾಡ್ತಿದಾಳೋ ಅವನನ್ನ ನಂಗೂ ತಿಳ್ಕೋಬೇಕು ಅನ್ನಿಸ್ತು. ಶಿಲುಬೆ ಮೇಲಿದ್ದ ಯೇಸುವಿಗೂ ಆ ಕ್ಷಣಕ್ಕೆ ಉತ್ತರ ಬಂದಿರ್ಲಿಲ್ಲ ಅನ್ನೋದು ಅಷ್ಟು ವರ್ಷ ಗುಡ್ ಫ್ರೈಡೇ ಆರಾಧನೆಗೆ ಹೋಗಿದ್ರೂ ತಲೆಗೆ ಹೋಗಿರ್ಲಿಲ್ಲ.

4/4

ಬಿಕಾಂನವರಿಗೆ ಮಾತ್ರ ಒಂದು ಮಾತು. ಬಿಸಿನೆಸ್ ಲಾ ಕ್ಲಾಸಲ್ಲಿ 1872ರ ಕಾಂಟ್ರ್ಯಾಕ್ಟ್ ಆಕ್ಟ್ ಮಾಡಿದ್ವಲ್ಲ, ಪ್ರತಿಫಲ ಇಲ್ಲದ ಒಪ್ಪಂದ ಶೂನ್ಯ ಅಂತ. ನಾವು ದೇವರ ಜೊತೆ ಮಾಡೋದು ಅದೇ ಲೆಕ್ಕ: ನಾನು ನಂಬಿಕೆ ಕೊಡ್ತೀನಿ, ನೀನು ಆರೋಗ್ಯ ಕೊಡು. ಅದೇ 25ನೇ ಸೆಕ್ಷನ್‌ನಲ್ಲಿ ಎಕ್ಸೆಪ್ಷನ್ ಕೂಡ ಇದೆ, ಹತ್ತಿರದ ಸಂಬಂಧಿಗಳ ನಡುವಿನ ಸಹಜ ಪ್ರೀತಿ. ಲೆಕ್ಚರರ್ ಓದ್ತಾ ಇದ್ದಾಗ ಲಾಸ್ಟ್ ಬೆಂಚಲ್ಲಿ ನಂಗೆ ಕಣ್ಣೀರು ಬಂದು, ಪಕ್ಕದವಳು ‘ಇಷ್ಟು ಬೋರಾ?’ ಅಂದಿದ್ಲು.

ಕಾಯಿಲೆ ಇರೋರ ಮನೆಗೆ ಹೋದ್ರೆ ಏನು ಹೇಳ್ಬೇಕು ಅಂತ ಕೆಲವರು ಕೇಳಿದ್ರಿ. ಯೋಬನ ಸ್ನೇಹಿತರು ಮೊದಲು ಏಳು ದಿನ ಅವನ ಜೊತೆ ಸುಮ್ನೆ ಕೂತಿದ್ರು. ಬಾಯಿ ಬಿಟ್ಟ ಮೇಲೆ ಕೆಟ್ಟಿದ್ದು. ಸುಮ್ನೆ ಕೂರಿ. ಇಲ್ಲಾ ಪ್ಲೇಟ್‌ಲೆಟ್ ಕೊಡಿ, ಅದು ಐದು ದಿನಕ್ಕಿಂತ ಜಾಸ್ತಿ ಇಡೋಕೆ ಬರಲ್ಲ, ಯಾವಾಗ್ಲೂ ಹೊಸಬರು ಬೇಕು. ನಂಗೆ ರಾತ್ರಿ ಹನ್ನೊಂದಕ್ಕೆ ಬಂದು ಕೊಟ್ಟವರಲ್ಲಿ ಒಬ್ಬರು ರಂಜಾನ್ ಉಪವಾಸ ಮುಗಿಸಿ ಊಟ ಮಾಡ್ಕೊಂಡು ಬಂದಿದ್ರು. ಅವರ ಹೆಸರು ಕೂಡ ಕೇಳಿರ್ಲಿಲ್ಲ ನಾವು.

ಬರೋ ಭಾನುವಾರ ಆರಾಧನೆಯಲ್ಲಿ ಸಾಕ್ಷಿ ಹೇಳು ಅಂತ ಪಾಸ್ಟರ್ ಕರೆದಿದಾರೆ. ಹೋದ ವರ್ಷ ಹೇಳಿದ್ದೆ, ಆಗ ಆ ಹುಡುಗನ ವಿಷಯ ಎತ್ತಿರ್ಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದ್ರು. ಈ ಸಲ ಮೊದಲೇ ಬೀದರ್‌ಗೆ ಫೋನ್ ಮಾಡಿದೆ. ಅವನ ಬಗ್ಗೆ ಹೇಳ್ಲಾ ಆಂಟಿ ಅಂತ ಕೇಳಿದೆ. ತುಂಬಾ ಹೊತ್ತು ಮಾತೇ ಇರ್ಲಿಲ್ಲ. ಆಮೇಲೆ, ‘ಹೇಳವ್ವಾ. ಲೂಡೋದಾಗ ಮೋಸ ಮಾಡ್ತಿದ್ದ, ಅದೂ ಹೇಳು’ ಅಂದ್ರು.